ಮರಳಿ ಬಂದ ಫಲಕಗಳ ಪ್ರಾಮಾಣ್ಯವಿಚಾರ

ಭೂಮಿಯನ್ನು ಬಿಟ್ಟು ಮೇಲೇರಿದ ನೌಕೆಯ ಹೊರಮೈಗೆ ಅಲ್ಲಿ ಏನಾಗುವುದೆಂಬುದನ್ನು ತಿಳಿಯಲು ವಿದ್ವಾಂಸರಿಗೆ ಎರಡೇ ದಾರಿಗಳಿರುವುವು. ಭೂಮಿಯ ಮೇಲೆಯೇ ಗಾಳಿಯನ್ನು ತೆಗೆದ ಕೋಷ್ಠದೊಳಗೆ ಆಕಾಶದ ಒಂದೊಂದು ಉಪದ್ರವವನ್ನೂ ಕೃತಕವಾಗಿ ಹುಟ್ಟಿಸಿ, ಲೋಹ, ಬಣ್ಣ, ಪೊರೆಗಳ ತುಂಡುಗಳನ್ನು ಅದಕ್ಕೆ ಒಡ್ಡಿ ನೋಡುವುದು ಒಂದು. ಆ ತುಂಡುಗಳನ್ನು ಆಕಾಶಕ್ಕೇ ಕಳುಹಿಸಿ, ಕೆಲವು ಕಾಲ ಅಲ್ಲಿರಿಸಿ, ಮರಳಿ ತಂದು ಪರೀಕ್ಷಿಸುವುದು ಇನ್ನೊಂದು. ಮೊದಲನೆಯದು ಅನುಮಾನ, ಎರಡನೆಯದು ಪ್ರತ್ಯಕ್ಷ ಎಂದು ಎಣಿಸುವುದು ರೂಢಿ. ಅನುಮಾನಕ್ಕೂ ಪ್ರತ್ಯಕ್ಷಕ್ಕೂ ವಿರೋಧವುಂಟಾದಲ್ಲಿ ಪ್ರತ್ಯಕ್ಷವೇ ಬಲವತ್ತರವೆಂಬುದೂ ಸರ್ವಸಮ್ಮತವಾದ ಮಾತು. ಆದರೆ ಮರಳಿ ಬಂದ ಫಲಕವು ನಿಜವಾಗಿ ಪ್ರತ್ಯಕ್ಷವೇ ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ.

ಓಲೆಯ ಪ್ರತಿಯೊಂದನ್ನು ಕೈಗೆತ್ತಿಕೊಂಡ ಗ್ರಂಥಸಂಪಾದಕನು ಅದರಲ್ಲಿರುವ ಪ್ರತಿಯೊಂದು ಅಕ್ಷರವೂ ಕವಿಯದೆಂದು ನಂಬುವುದಿಲ್ಲ. ಲಿಪಿಕಾರನ ಕೈತಪ್ಪು, ಓದಿದವರ ತಿದ್ದುಪಡಿ, ಹುಳು ತಿಂದ ತೂತು, ಹೊಗೆಯ ಕಪ್ಪು, ಇವನ್ನೆಲ್ಲ ಬೇರ್ಪಡಿಸಿದ ಮೇಲೆಯೇ ಮೂಲಪಾಠದ ಮಾತು. ಬಾಹ್ಯಾಕಾಶದಿಂದ ಮರಳಿದ ಫಲಕದ ವಿಷಯದಲ್ಲಿಯೂ ಇಷ್ಟೇ ಎಚ್ಚರಿಕೆಯು ಬೇಕು. ಅದರ ಮೇಲಿನ ಪ್ರತಿಯೊಂದು ಕಲೆಯೂ ಆಕಾಶದ ಬರೆಹವಲ್ಲ; ನೆರೆಯ ವಸ್ತುವಿನದು ಕೆಲವು, ತಂದವರ ಕೈಯದು ಕೆಲವು. ಈ ಭೇದವನ್ನು ಮಾಡದೆ ತೆಗೆದ ತೀರ್ಮಾನಗಳು ಎಷ್ಟೋ ಸಲ ಹುಸಿಯಾಗಿರುವುವು. ಮಾಡಿದಾಗಲೆಲ್ಲ ಆ ಶಾಸ್ತ್ರವು ಮುಂದುವರಿದಿದೆ. ೧೯೯೧ರ ಜೂನ್ ತಿಂಗಳಲ್ಲಿ ಅಮೆರಿಕದ ಫ್ಲಾರಿಡಾ ಪ್ರಾಂತದ ಕಿಸಿಮ್ಮೀ ಎಂಬಲ್ಲಿ ನಡೆದ ವಿದ್ವತ್ಸಭೆಯ ಪ್ರಬಂಧಗಳು ‘ಎಲ್‌ಡೆಫ್: ಆಕಾಶದಲ್ಲಿ ೬೯ ತಿಂಗಳು’ ಎಂಬ ಅರ್ಥದ ಹೆಸರಿನಿಂದ ನಾಸಾ ಸಂಸ್ಥೆಯ ಮೂಲಕ ಮೂರು ಭಾಗಗಳಲ್ಲಿ ಪ್ರಕಟವಾದುವು. ಈ ವಿಚಾರಕ್ಕೆ ಮುಖ್ಯವಾದ ಆಧಾರವು ಆ ಗ್ರಂಥವೇ. ಅದರ ಗುಣದೋಷಗಳನ್ನು ಹೇಳುವುದಕ್ಕೆ ಮೊದಲು ಕೆಲವು ಪೂರ್ವಸಂಗತಿಗಳನ್ನು ತಿಳಿಸುವುದು ಅವಶ್ಯಕ.

ಆಕಾಶವೆಂದರೆ ಶೂನ್ಯವೆಂಬ ಭಾವನೆಯು ಇಲ್ಲಿ ಸಲ್ಲದು. ಭೂಮಿಯಿಂದ ಸುಮಾರು ೨೦೦ ರಿಂದ ೬೦೦ ಕಿಲೋಮೀಟರ್ ಎತ್ತರದಲ್ಲಿ ವಾಯುವು ಅತ್ಯಂತ ವಿರಳವಾಗಿದ್ದರೂ ಇದ್ದೇ ಇದೆ. ಸೂರ್ಯನ ಅತಿನೇರಳೆ ಕಿರಣಗಳು ಆಮ್ಲಜನಕದ ಅಣುವನ್ನು ಸೀಳಿಬಿಡುವುದರಿಂದ, ಅಲ್ಲಿಯ ವಾಯುವಿನಲ್ಲಿ ಬಿಡಿಯಾದ ಆಮ್ಲಜನಕ ಪರಮಾಣುಗಳದೇ ಪ್ರಾಧಾನ್ಯ. ನೌಕೆಯು ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೆ ಕಡಿಮೆಯಿಲ್ಲದ ವೇಗದಿಂದ ಓಡುತ್ತಿರುವುದರಿಂದ, ಪರಮಾಣುವು ನೌಕೆಗೆ ಬಂದು ಬಡಿಯುವುದೆನ್ನುವುದಕ್ಕಿಂತ ನೌಕೆಯೇ ಪರಮಾಣುವಿಗೆ ಹೋಗಿ ಬಡಿಯುವುದೆನ್ನುವುದು ಲೇಸು. ಆ ಹೊಡೆತದ ಶಕ್ತಿಯು ಸುಮಾರು ೪.೫ ಎಲೆಕ್ಟ್ರಾನ್ ವೋಲ್ಟ್. ಇಂಗಾಲಮಯವಾದ ಪ್ಲಾಸ್ಟಿಕ್ ಪೊರೆಯನ್ನು ಬೆಂಕಿಯಿಲ್ಲದೆಯೇ ಸುಟ್ಟು ಅನಿಲವಾಗಿ ಹಾರಿಸಿಬಿಡಲು ಅಷ್ಟು ಸಾಕು. ಇದರ ಜೊತೆಗೆ ವಾಯುಮಂಡಲದ ತೆರೆಯಿಲ್ಲದ ಬಿಸಿಲು; ತೊಂಬತ್ತು ನಿಮಿಷಕ್ಕೊಮ್ಮೆ ಬಿಸಿಲಿಗೂ ನೆರಳಿಗೂ ಸಿಕ್ಕಿ ಕಾಯುವುದು ತಣಿಯುವುದು; ವಿದ್ಯುತ್ಕಣಗಳ ಮಳೆ; ಉಲ್ಕೆಯ ರೇಣುಗಳು, ಮನುಷ್ಯನೇ ಅಲ್ಲಿ ಬಿಟ್ಟ ಕಸದ ಚೂರುಗಳು. ಇವೆಲ್ಲಕ್ಕೂ ಮೇಲೆ, ನಿರ್ವಾತದಲ್ಲಿ ನೌಕೆಯ ಸ್ವಂತ ಅಂಟುಗಳೂ ಬಣ್ಣಗಳೂ ಬಿಡುವ ಆವಿಯು ಅದರ ಮೈಮೇಲೆಯೇ ಕುಳಿತು ಕಲೆಯಾಗುವುದು. ಈ ಕೊನೆಯ ಉಪದ್ರವವನ್ನು ಆಕಾಶದ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಆದರೂ ಬರೆದವರುಂಟು.

ಮರಳಿ ಬಂದ ಸಾಕ್ಷಿಗಳಲ್ಲಿ ಬಹು ಹಳೆಯದೊಂದು ಚಂದ್ರನಿಂದ ಬಂದುದು. ೧೯೬೭ರ ಏಪ್ರಿಲಿನಲ್ಲಿ ಚಂದ್ರನ ಮೇಲಿಳಿದ ಸರ್ವೇಯರ್-೩ ಎಂಬ ಯಂತ್ರದ ಛಾಯಾಗ್ರಾಹಕವನ್ನೂ ಕೆಲವು ಬಿಡಿಭಾಗಗಳನ್ನೂ ೧೯೬೯ರ ನವೆಂಬರಿನಲ್ಲಿ ಅಪೊಲೊ-೧೨ರ ಯಾತ್ರಿಕರು ಕಿತ್ತು ತಂದರು. ಮೂವತ್ತೊಂದು ತಿಂಗಳಲ್ಲಿ ಅದರ ಬಿಳಿಯ ಬಣ್ಣವು ಕಂದಿ ಕಾವಿಯ ಛಾಯೆಗೆ ತಿರುಗಿತ್ತು. ಬಿಸಿಲಿನಿಂದ ಕಂದಿತೆಂದರೆ ಮಾತು ಮುಗಿಯುವಂತಿತ್ತು. ಆದರೆ ಸೂಕ್ಷ್ಮವಾಗಿ ನೋಡಿದವರಿಗೆ ಆ ಕಂದಿನಲ್ಲಿ ಚಂದ್ರನ ಧೂಳಿನ ಪಾಲೂ ಇರುವುದು ತಿಳಿಯಿತು. ಅಷ್ಟೇ ಅಲ್ಲದೆ, ನೋಡಬಂದ ಯಾತ್ರಿಕರ ವಾಹನವು ಸುಮಾರು ೧೬೦ ಮೀಟರ್ ದೂರದಲ್ಲಿ ಇಳಿಯುವಾಗ ಅದರ ಉರಿಯ ರಭಸಕ್ಕೆ ಎದ್ದ ಮಣ್ಣು ಈ ಯಂತ್ರಕ್ಕೆ ಬಡಿದು, ಒಂದು ಮಗ್ಗುಲನ್ನು ಉಜ್ಜಿ, ತಿರುಪುಗಳ ಮತ್ತು ಬಿಡಿಭಾಗಗಳ ಹಿಂದೆ ಉಜ್ಜದ ನೆರಳುಗಳನ್ನು ಉಳಿಸಿತ್ತು. ಓದಬಂದವನ ಕಾಲ್ಧೂಳಿಯೇ ಪಾಠದಲ್ಲಿ ಸೇರಿಕೊಂಡ ಸಂದರ್ಭವಿದು. ಆ ಛಾಯಾಗ್ರಾಹಕದೊಳಗೆ ಭೂಮಿಯ ಸೂಕ್ಷ್ಮಜೀವಿಗಳು ಚಂದ್ರನಲ್ಲಿಯೂ ಬದುಕಿ ಉಳಿದಿದ್ದುವೆಂಬ ಕಥೆಯು ಬಹುಕಾಲ ಪ್ರಚಾರದಲ್ಲಿತ್ತು. ತಂದ ಮೇಲೆ ಪರೀಕ್ಷಾಲಯದಲ್ಲಿಯೇ ಅವು ಸೇರಿಕೊಂಡಿರುವುದು ಹೆಚ್ಚು ಸಂಭಾವ್ಯವೆಂದು ಮುಂದಿನ ವಿಮರ್ಶಕರು ತೋರಿಸಿದರು. ಸರಳವಾದ ಪ್ರಕ್ಷಿಪ್ತವು ಮೂಲಕ್ಕಿಂತ ಹೆಚ್ಚು ಜನಪ್ರಿಯವಾಗುವುದು ಸಾಹಿತ್ಯದಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ.

ಆಮ್ಲಜನಕ ಪರಮಾಣುವಿನ ಪ್ರಭಾವವು ಚೆನ್ನಾಗಿ ಮನದಟ್ಟಾದುದು ಅಮೆರಿಕದ ಷಟಲ್ ನೌಕೆಗಳು ಹೋಗಿ ಬರತೊಡಗಿದ ಮೇಲೆ. ಅದಕ್ಕೆ ಮುಂಚಿನ ಉಪಗ್ರಹಗಳಲ್ಲಿ ಬಹುಪಾಲು ಮರಳಿ ಬಾರದವು. ೧೯೮೧ರಿಂದ ನಡೆದ ಮೊದಲ ಯಾನಗಳಲ್ಲಿಯೇ ಛಾಯಾಗ್ರಾಹಕಗಳಿಗೆ ಹೊದಿಸಿದ್ದ ಕ್ಯಾಪ್ಟಾನ್ ಎಂಬ ಹಳದಿಯ ಪೊರೆಯು ಹೊಳಪುಗೆಟ್ಟು ಬಂದಿತು. ೧೯೮೨ರ ಮತ್ತು ೧೯೮೩ರ ಎರಡು ಯಾನಗಳಲ್ಲಿ ಉದ್ದೇಶಪೂರ್ವಕವಾಗಿ ಮಾದರಿಗಳನ್ನು ಒಡ್ಡಿ ಅಳತೆ ಮಾಡಲಾಯಿತು. ಒಂದು ಪರಮಾಣು ಬಡಿದರೆ ಕ್ಯಾಪ್ಟಾನು ಎಷ್ಟು ಸವೆಯುವುದೆಂಬುದಕ್ಕೆ ೩.೦ × ೧೦⁻²⁴ ಘನ ಸೆಂಟಿಮೀಟರ್ ಎಂಬ ಸಂಖ್ಯೆಯು ನಿಂತಿತು. ಅಂದಿನಿಂದ ಈ ಕ್ಷೇತ್ರದಲ್ಲಿ ಈ ಸಂಖ್ಯೆಗೆ ಛಂದಶ್ಶಾಸ್ತ್ರದಲ್ಲಿ ಮಾತ್ರೆಗಿರುವ ಸ್ಥಾನವಿದೆ; ಉಳಿದುದೆಲ್ಲವನ್ನೂ ಇದರಿಂದಲೇ ಅಳೆಯುವರು. ಹಾಗೆ ಅಳೆಯುವುದರಲ್ಲಿರುವ ಅಪಾಯವನ್ನು ಮುಂದೆ ನೋಡಬಹುದು.

ಎಲ್‌ಡೆಫ್ ಎಂಬುದು ‘ಲಾಂಗ್ ಡ್ಯುರೇಷನ್ ಎಕ್ಸ್‌ಪೋಷರ್ ಫೆಸಿಲಿಟಿ’ ಎಂಬ ದೀರ್ಘನಾಮದ ಸಂಕ್ಷೇಪ. ಹನ್ನೆರಡು ಮುಖಗಳುಳ್ಳ, ೯.೧ ಮೀಟರ್ ಉದ್ದದ, ೪.೩ ಮೀಟರ್ ಅಡ್ಡಳತೆಯ ಈ ಲೋಹದ ಚೌಕಟ್ಟಿನಲ್ಲಿ ೮೬ ತಟ್ಟೆಗಳು. ಅವುಗಳಲ್ಲಿ ೫೭ ಪ್ರಯೋಗಗಳು. ಹತ್ತು ಸಾವಿರಕ್ಕೂ ಮಿಕ್ಕ ಮಾದರಿಗಳು. ೧೯೮೪ರ ಏಪ್ರಿಲ್ ೭ರಂದು ಚ್ಯಾಲೆಂಜರ್ ನೌಕೆಯು ಇದನ್ನು ಸುಮಾರು ೪೭೬ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟು ಬಂದಿತು. (ಅದೇ ಯಾನದಲ್ಲಿ, ನಾಲ್ಕು ವರ್ಷಗಳಿಂದ ಮೇಲಿದ್ದ ಸೂರ್ಯವೀಕ್ಷಕ ಉಪಗ್ರಹವೊಂದನ್ನು ದುರಸ್ತಿ ಮಾಡಿ, ಅದರ ಹಳೆಯ ಹೊದಿಕೆಯ ಭಾಗಗಳನ್ನು ಭೂಮಿಗೆ ತಂದರು, ಒಂದು ಗ್ರಂಥವನ್ನು ಬರೆಯಲಿಟ್ಟು ಇನ್ನೊಂದನ್ನು ಓದಲು ತಂದಂತೆ.) ಎಲ್‌ಡೆಫ್‌ಗೆ ಸ್ವಂತ ಚಾಲಕಶಕ್ತಿಯಿರಲಿಲ್ಲ, ಭೂಮಿಗೆ ಸುದ್ದಿಯನ್ನು ಕಳುಹಿಸುವ ಏರ್ಪಾಡೂ ಇರಲಿಲ್ಲ. ಭೂಮಿಯ ಆಕರ್ಷಣದಲ್ಲಿರುವ ಅಲ್ಪಭೇದದಿಂದಲೇ ಅದು ಒಂದೇ ಭಂಗಿಯಲ್ಲಿ ನಿಂತಿತ್ತು. ಆದುದರಿಂದ ಒಂದು ಮುಖವು ಸದಾ ಚಲನೆಯ ದಿಕ್ಕಿಗೆ ಎದುರಾಗಿಯೂ ಅದರ ಹಿಂಬದಿಯು ಸದಾ ಮರೆಯಾಗಿಯೂ ಉಳಿದುವು. ಈ ಸ್ಥಿರತೆಯೇ ಅದರ ಸಾಕ್ಷ್ಯದ ಬೆನ್ನೆಲುಬು.

ಒಂದು ವರ್ಷದೊಳಗೆ ಅದನ್ನು ಮರಳಿ ತರಬೇಕೆಂದಿತ್ತು. ಮೊದಲು ಯಾನಗಳ ಕ್ರಮವು ವ್ಯತ್ಯಾಸವಾಯಿತು. ೧೯೮೬ರ ಜನವರಿ ೨೮ರಂದು ಚ್ಯಾಲೆಂಜರ್ ನೌಕೆಯು ಏಳು ಮಂದಿಯೊಡನೆ ನಾಶವಾದ ಮೇಲೆ ತರುವ ಮಾತೇ ನಿಂತಿತು. ಕೊನೆಗೆ ೧೯೯೦ರ ಜನವರಿ ೧೨ರಂದು ಕೊಲಂಬಿಯ ನೌಕೆಯು ಅದನ್ನು ಹಿಡಿದಾಗ ಅದು ಸುಮಾರು ೩೩೦ ಕಿಲೋಮೀಟರಿಗೆ ಇಳಿದಿತ್ತು. ಇನ್ನು ಕೆಲವು ವಾರಗಳು ಕಳೆದಿದ್ದರೆ ವಾಯುಮಂಡಲದಲ್ಲಿ ಬಿದ್ದು ಉರಿದುಹೋಗುತ್ತಿತ್ತು. ಹಿಡಿದೊಡನೆ ನೌಕೆಯೊಳಕ್ಕೆ ಸೇರಿಸದೆ, ಯಾತ್ರಿಕರು ಸುಮಾರು ನಾಲ್ಕೂವರೆ ಗಂಟೆಗಳ ಕಾಲ ಅದನ್ನು ತಿರುಗಿಸಿ ತಿರುಗಿಸಿ ಪ್ರತಿಯೊಂದು ತಟ್ಟೆಯ ಚಿತ್ರವನ್ನೂ ತೆಗೆದರು. ಶಾಸನವನ್ನು ಕೀಳುವುದಕ್ಕೆ ಮೊದಲು ಇದ್ದಲ್ಲಿಯೇ ಅಚ್ಚು ತೆಗೆದುಕೊಳ್ಳುವ ವಿವೇಕವಿದು; ಮುಂದೆ ಎಷ್ಟೋ ವಿವಾದಗಳನ್ನು ಈ ಚಿತ್ರಗಳೇ ಬಗೆಹರಿಸುವಂತಾಯಿತು. ಭೂಮಿಗೆ ಬರುವಾಗ ಹರಿದುಹೋದ ಪೊರೆ ಯಾವುದು, ಮೇಲೆಯೇ ಹರಿದಿದ್ದುದು ಯಾವುದು ಎಂಬುದನ್ನು ಬೇರೆ ಹೇಗೆ ತಿಳಿಯಬಹುದಾಗಿತ್ತು?

ಐದೂಮುಕ್ಕಾಲು ವರ್ಷಗಳಲ್ಲಿ ಎದುರುಮುಖದ ಒಂದು ಚದರ ಸೆಂಟಿಮೀಟರಿನ ಮೇಲೆ ಬಡಿದ ಆಮ್ಲಜನಕ ಪರಮಾಣುಗಳ ಸಂಖ್ಯೆಯು ಸುಮಾರು ೯ × ೧೦²¹, ಎಂದರೆ ಒಂಬತ್ತು ಕೋಟಿಕೋಟಿಕೋಟಿ. ಮೇಲೆ ಹೇಳಿದ ಕ್ಯಾಪ್ಟಾನಿನ ಸಂಖ್ಯೆಯಿಂದ ಗುಣಿಸಿದರೆ ಕಾಲು ಮಿಲಿಮೀಟರಿಗಿಂತ ಹೆಚ್ಚು ದಪ್ಪವು ಸವೆದುಹೋಗಬೇಕು. ಎದುರುಮುಖದಲ್ಲಿದ್ದ ತೆಳುಪೊರೆಗಳು ಇದ್ದ ಸ್ಥಳದಲ್ಲಿ ಚೌಕಟ್ಟು ಮಾತ್ರ ಉಳಿದು ಬಂದುದು ಈ ಲೆಕ್ಕಕ್ಕೆ ಸರಿಯಾಗಿಯೇ ಇದೆ. ಆದರೆ ಈ ಮೊತ್ತದಲ್ಲಿ ಸುಮಾರು ಅರ್ಧದಷ್ಟು ಕೊನೆಯ ಆರು ತಿಂಗಳಲ್ಲಿಯೇ ಬಂದುದೆಂಬುದನ್ನು ವಾಚಕರು ಗಮನಿಸತಕ್ಕದ್ದು. ಎತ್ತರವು ಇಳಿಯುತ್ತಿತ್ತು, ಸೂರ್ಯನ ಕ್ಷೋಭೆಯು ಹೆಚ್ಚಿ ಮೇಲಿನ ವಾಯುವು ಉಬ್ಬಿತ್ತು. ಎಂದರೆ ಆಮ್ಲಜನಕವು ಬಂದು ಬಡಿದುದು ಹೊಸ ಮೈಗಲ್ಲ, ಐದು ವರ್ಷಗಳ ಬಿಸಿಲಿನಲ್ಲಿ ಬೆಂದ ಮೈಗೆ. ಎರಡು ಕಾರಣಗಳು ಒಟ್ಟಿಗೆ ಕೆಲಸ ಮಾಡಿದುವೆಂದು ಹೇಳಿ ಸುಮ್ಮನಾಗುವುದು ಸಾಲದು. ಯಾವುದು ಮೊದಲು, ಯಾವುದು ಆಮೇಲೆ ಎಂಬುದೂ ಪಾಠದ ಭಾಗವೇ.

ಈ ಗ್ರಂಥದಲ್ಲಿ ಅತ್ಯಂತ ಬೆಲೆಯುಳ್ಳ ಸಂಗತಿಯು ಒಂದು ಬಿಳಿಯ ಬಣ್ಣದ್ದು. ಎ-೨೭೬ ಎಂಬ ಹೆಸರಿನ ಆ ಬಣ್ಣದಲ್ಲಿ ಪಾಲಿಯುರಿಥೇನ್ ಎಂಬ ಅಂಟಿನೊಳಗೆ ಟೈಟಾನಿಯಮ್ಮಿನ ಬಿಳಿಯ ಪುಡಿಯನ್ನು ಕಲಸಿದೆ. ಅತಿನೇರಳೆ ಕಿರಣಕ್ಕೆ ಇದರ ಅಂಟು ಕಂದುವುದೆಂಬುದನ್ನು ಪರೀಕ್ಷಾಲಯವು ಮೊದಲೇ ಹೇಳಿತ್ತು. ಆಮ್ಲಜನಕಕ್ಕೆ ಎದುರಾದ ಮುಖವು ಹೆಚ್ಚು ಕೆಡುವುದು, ಮರೆಯಾದ ಮುಖವು ಉಳಿಯುವುದು ಎಂದು ಯಾರಾದರೂ ಊಹಿಸಬಹುದಾಗಿತ್ತು. ಕಂಡುದು ಇದಕ್ಕೆ ವಿಪರೀತ. ಮರೆಯಾದ ಬದಿಯ ಬಣ್ಣವು ಕಡುಕಂದಾಗಿ, ಬಿಸಿಲನ್ನು ಹೀರುವ ಅದರ ಗುಣವು ಮೊದಲಿಗಿಂತ ಹತ್ತಿರ ಹತ್ತಿರ ಎರಡರಷ್ಟಾಗಿತ್ತು. ಎದುರಾದ ಬದಿಯ ಬಣ್ಣವು ಬೆಳ್ಳಗೆಯೇ ಇತ್ತು. ಕಾರಣವು ವಿಚಿತ್ರವಾದರೂ ಸುಲಭವಾದುದು: ಬಿಸಿಲು ಕಂದಿಸಿದ ಅಂಟನ್ನು ಆಮ್ಲಜನಕವು ಅಂದಂದೇ ಸವೆಯಿಸಿ ತೆಗೆದುಹಾಕುತ್ತಿತ್ತು, ಬಿಳಿಯ ಪುಡಿಯು ಮಾತ್ರ ಮೇಲುಳಿದಿತ್ತು. ಅದಾದರೂ ಬೆರಳಿಟ್ಟರೆ ಸೀಮೆಸುಣ್ಣದಂತೆ ಉದುರುವ ಬಿಳುಪು. ಬಿಸಿಲನ್ನು ಮಾತ್ರ ಬಿಟ್ಟ ಕೋಷ್ಠವು ಬಣ್ಣವು ಕಂದುವುದೆನ್ನುತ್ತದೆ. ಆಮ್ಲಜನಕವನ್ನು ಮಾತ್ರ ಬಿಟ್ಟ ಕೋಷ್ಠವು ಬಣ್ಣವು ಸವೆಯುವುದೆನ್ನುತ್ತದೆ. ಬೆಳ್ಳಗೆ ಉಳಿಯುವುದೆಂದು ಎರಡೂ ಹೇಳಲಾರವು. ಬೆಳ್ಳಗಿದೆಯೆಂದ ಮಾತ್ರಕ್ಕೆ ಗಟ್ಟಿಯಾಗಿದೆಯೆಂದೂ ಅರ್ಥವಲ್ಲ. ಪೊಟಾಷಿಯಮ್ ಸಿಲಿಕೇಟಿನ ಅಂಟುಳ್ಳ ಜ಼ೆಡ್-೯೩ ಎಂಬ ಬಣ್ಣವಾದರೋ ಅಷ್ಟಾಗಿ ಬದಲಾಗದೆ ಬಂದಿತು. ಅದರ ಅಂಟಿನಲ್ಲಿ ಆಮ್ಲಜನಕವು ಸುಡಬಹುದಾದ ಇಂಗಾಲವಿಲ್ಲ.

ಈ ಸಾಕ್ಷ್ಯವು ಎಲ್ಲಿಂದ ಬಂದಿತೆಂಬುದು ಇನ್ನೂ ಮುಖ್ಯ. ಇದು ಪ್ರಯೋಗವೆಂದು ಹೂಡಿದ ಯಾವ ಒಂದು ತಟ್ಟೆಯಿಂದಲೂ ಬಂದುದಲ್ಲ. ತಟ್ಟೆಗಳನ್ನು ಚೌಕಟ್ಟಿಗೆ ಬಿಗಿದಿದ್ದ ಕ್ಲ್ಯಾಂಪುಗಳ ಮೇಲೆ ಈ ಬಣ್ಣದ ಸಣ್ಣ ಬಿಲ್ಲೆಗಳಿದ್ದುವು. ಯಾರ ಪ್ರಯೋಗದ ಲೆಕ್ಕಕ್ಕೂ ಸೇರದ ಇವು ಹನ್ನೆರಡು ಮುಖಗಳಲ್ಲಿಯೂ ಹರಡಿದ್ದುವಾದುದರಿಂದ, ಒಂದೇ ಬಣ್ಣವು ಬೇರೆ ಬೇರೆ ಕೋನಗಳಲ್ಲಿ ಹೇಗೆ ವರ್ತಿಸಿತೆಂಬ ಹೋಲಿಕೆಗೆ ಅವಕಾಶವಾಯಿತು. ಟೆಫ್ಲಾನಿನ ಸಂಗತಿಯೂ ಹಾಗೆಯೇ. ವಿಶ್ವಕಿರಣಗಳನ್ನು ಅಳೆಯುವ ಒಂದು ಪ್ರಯೋಗದ ಹದಿನಾರು ತಟ್ಟೆಗಳಿಗೆ ಶಾಖವನ್ನು ತಡೆಯಲೆಂದು ಬೆಳ್ಳಿ ಬಳಿದ ಟೆಫ್ಲಾನ್ ಹೊದಿಕೆಯನ್ನು ಹೊದಿಸಿದ್ದರು. ಆ ವಿದ್ವಾಂಸರಿಗೆ ಬೇಕಾದುದು ಹೊದಿಕೆಯೊಳಗಿನ ಫಲಕಗಳು. ಹೊರಪದರದ ಶಾಸ್ತ್ರಕ್ಕೆ ಬೇಕಾದುದು ಆ ಹೊದಿಕೆಯೇ ಆಯಿತು. ಪುಸ್ತಕಕ್ಕೆ ಕಟ್ಟಿದ ರಟ್ಟಿನಲ್ಲಿ ಹಳೆಯ ಓಲೆಯೊಂದು ದೊರೆತಂತೆ. ಒಂದೇ ಪಾಠದ ಹಲವು ಪ್ರತಿಗಳು ಹಲವು ಕಡೆ ಚದರಿದ್ದಾಗ ಮಾತ್ರ ಪಾಠಶೋಧನೆಯು ಸಾಧ್ಯವೆಂಬ ನಿಯಮವು ಇಲ್ಲಿಯೂ ನಿಂತಿತು. ಬಹು ಜಾಗರೂಕತೆಯಿಂದ ಸಿದ್ಧಪಡಿಸಿದ ಏಕೈಕ ಮಾದರಿಗಿಂತ, ಅಲಕ್ಷ್ಯದಿಂದ ಎಲ್ಲೆಲ್ಲಿಯೂ ಅಂಟಿಸಿದ ಬಿಲ್ಲೆಯೇ ಉತ್ತಮ ಸಾಕ್ಷಿಯಾಯಿತು.

ಕಂದುಬಣ್ಣದ ಕಲೆಯ ವಿಷಯವು ಹೀಗೆ ಸುಲಭವಾಗಿ ಬಗೆಹರಿಯಲಿಲ್ಲ. ಚೌಕಟ್ಟಿನ ಅನೇಕ ಭಾಗಗಳ ಮೇಲೆ, ವಿಶೇಷವಾಗಿ ಒಳಗಿನ ಆವಿಯು ಹೊರಬರುವ ಸಂದುಗಳ ಬಳಿ, ಹೊಗೆಸೊಪ್ಪಿನ ಕಲೆಯಂತಹ ಪೊರೆಯೊಂದು ಕುಳಿತಿತ್ತು. ಒಳಗಿನ ಬಣ್ಣಗಳಿಂದಲೂ ಸಿಲಿಕೋನ್ ಅಂಟುಗಳಿಂದಲೂ ಹೊರಟ ಆವಿಯನ್ನು ಬಿಸಿಲು ಅಲ್ಲಿಯೇ ಸುಟ್ಟು ಗಟ್ಟಿಮಾಡಿತ್ತು. ಎದುರುಮುಖದಲ್ಲಿ ಅದರೊಳಗಿನ ಸಿಲಿಕೋನು ಆಮ್ಲಜನಕದೊಡನೆ ಕೂಡಿ ಗಾಜಿನಂತಹ ಪದರವಾಗಿತ್ತು. ಇಂಥ ಪದರವು ಕುಳಿತ ಮಾದರಿಯು ಕಡಿಮೆ ಸವೆದುದು ಕಂಡರೆ, ಆ ಹೊಗಳಿಕೆಯು ಮಾದರಿಗೆ ಸಲ್ಲುವುದೋ ಅದರ ಮೇಲಿನ ಕಲ್ಮಷಕ್ಕೆ ಸಲ್ಲುವುದೋ? ಕಿಸಿಮ್ಮೀ ಗ್ರಂಥದ ದೊಡ್ಡ ಕೊರತೆಯು ಇಲ್ಲಿಯೇ. ಪ್ರಬಂಧಗಳನ್ನು ವಿಷಯಾನುಸಾರವಾಗಿ ವಿಂಗಡಿಸಿರುವುದರಿಂದ, ಕಲೆಯನ್ನು ಕುರಿತ ವಿಚಾರವು ಒಂದು ಕಡೆ, ಆ ಕಲೆಯಿಂದ ಮುಚ್ಚಿದ್ದ ಮಾದರಿಗಳ ವಿಚಾರವು ಇನ್ನೊಂದು ಕಡೆ ಬಿದ್ದಿದೆ. ಎರಡನ್ನೂ ಜೋಡಿಸಿ ಓದುವ ಭಾರವು ವಾಚಕನದು. ತಮ್ಮ ತಟ್ಟೆಯ ಅಂಚಿನಲ್ಲಿಯೇ ತಮ್ಮ ವಿಚಾರವನ್ನೂ ನಿಲ್ಲಿಸಿದ ಪ್ರಬಂಧಗಳು ಇಂಥ ಸಂಗ್ರಹದಲ್ಲಿ ಸ್ವಾಭಾವಿಕವಾಗಿಯೇ ಹೆಚ್ಚು. ಆದರೂ ಈ ದೋಷವನ್ನು ಗ್ರಂಥವನ್ನು ಏರ್ಪಡಿಸಿದವರು ಅರಿತಿದ್ದರೆಂದು ಹೇಳಬೇಕು. ವಸ್ತುಗಳು, ಯಂತ್ರಾಂಗಗಳು, ವಿಕಿರಣ, ಉಲ್ಕಾರೇಣು ಎಂಬ ನಾಲ್ಕು ವಿಷಯಗಳಿಗೆ ನಾಲ್ಕು ವಿಶೇಷ ಮಂಡಲಿಗಳನ್ನು ನೇಮಿಸಿ, ಯಾರಿಗೂ ಸೇರದ ಚೌಕಟ್ಟು, ಬೋಲ್ಟು, ಕ್ಲ್ಯಾಂಪುಗಳನ್ನೆಲ್ಲ ಅವರಿಗೆ ಒಪ್ಪಿಸಿದರು. ಗ್ರಂಥದ ಬಾಳುವ ಭಾಗವೆಲ್ಲ ಹೆಚ್ಚಾಗಿ ಇವರ ಬರೆಹವೇ. ಉಲ್ಕಾಮಂಡಲಿಯವರು ಮೂವತ್ತು ಸಾವಿರಕ್ಕೂ ಹೆಚ್ಚು ಸಣ್ಣ ದೊಡ್ಡ ಹೊಂಡಗಳನ್ನು ಎಣಿಸಿದರು. ಅದರ ವಿವರವು ಇಲ್ಲಿ ಅನಾವಶ್ಯಕ.

ಯಂತ್ರಾಂಗಮಂಡಲಿಯವರ ಒಂದು ಕೆಲಸವನ್ನು ಮಾತ್ರ ಬಿಡುವಂತಿಲ್ಲ. ನಿರ್ವಾತದಲ್ಲಿ ಶುದ್ಧವಾದ ಲೋಹಕ್ಕೆ ಲೋಹವು ತಾಗಿದರೆ ಬೆಸುಗೆಯಿಲ್ಲದೆಯೇ ಬೆಸೆದುಕೊಳ್ಳುವುದೆಂಬುದು ಪುಸ್ತಕಪ್ರಸಿದ್ಧವಾದ ಭೀತಿ. ಎಲ್‌ಡೆಫ್ ಬಿಚ್ಚುವಾಗ ಕೆಲವು ಬೋಲ್ಟುಗಳು ಕಚ್ಚಿಕೊಂಡಿದ್ದುವು. ಈ ಭೀತಿಗೆ ಪ್ರತ್ಯಕ್ಷಪ್ರಮಾಣವು ದೊರೆಯಿತೆಂಬ ಮಾತು ಆಗಲೇ ಹುಟ್ಟಿತು. ಮಂಡಲಿಯವರು ಒಂದೊಂದನ್ನೂ ಕೊಯ್ದು ನೋಡಿದರು. ಆಕಾಶವು ಬೆಸೆದುದು ಒಂದೂ ಕಾಣಲಿಲ್ಲ; ಭೂಮಿಯ ಮೇಲೆ ಬಿಗಿಯುವಾಗ ಅಥವಾ ಬಿಚ್ಚುವಾಗ, ಜಾರುಪದಾರ್ಥವಿಲ್ಲದೆ ತಿರುಪಿನ ಎಳೆಗಳು ಕಿತ್ತು ಕಚ್ಚಿಕೊಂಡಿದ್ದುವು. ಕೈಯಲ್ಲಿರುವ ಪ್ರತಿಯನ್ನು ಓದುವುದಕ್ಕೆ ಬದಲಾಗಿ ತಾನು ಮೊದಲೇ ಕೇಳಿದ ಕಥೆಯನ್ನು ಅದರಲ್ಲಿ ಓದುವ ಚಾಪಲ್ಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ದೊರೆಯಲಾರದು. ೧೯೯೨ರಲ್ಲಿಯೂ ೧೯೯೩ರಲ್ಲಿಯೂ ಮತ್ತೆರಡು ಸಭೆಗಳು ಸೇರಿ, ಮೊದಲ ಸಭೆಯ ಆತುರದ ಮಾತುಗಳಲ್ಲಿ ಕೆಲವನ್ನು ತಿದ್ದಿದುವು.

ಟೆಫ್ಲಾನಿನ ವಿಷಯಕ್ಕೆ ಮತ್ತೆ ಬರಬೇಕಾಗಿದೆ. ಏಕೆಂದರೆ ಸಂಖ್ಯೆಗಳ ಪ್ರಾಮಾಣ್ಯವು ಇಲ್ಲಿಯೇ ತೂಗಿ ನೋಡಲ್ಪಟ್ಟಿತು. ಷಟಲಿನ ಕೆಲವೇ ದಿನಗಳ ಯಾನಗಳಲ್ಲಿ ಎಫ್.ಇ.ಪಿ. ಎಂಬ ಜಾತಿಯ ಟೆಫ್ಲಾನು ಅಳತೆಗೆ ಸಿಗದಷ್ಟು ಕಡಿಮೆ ಸವೆಯಿತು, ಪರಮಾಣುವೊಂದಕ್ಕೆ ೦.೦೫ × ೧೦⁻²⁴ ಘನ ಸೆಂಟಿಮೀಟರಿಗೂ ಕಡಿಮೆಯೆಂದು ಕೋಷ್ಠಕಗಳಲ್ಲಿ ಬರೆದರು. ಎಲ್‌ಡೆಫ್‌ನ ಎದುರುಮುಖದಲ್ಲಿ ಅದೇ ಟೆಫ್ಲಾನು ಮಂಜುಮಂಜಾಗಿ, ಸುಮಾರು ೩೦ ಮೈಕ್ರಾನ್ ತೆಳುವಾಗಿ ಬಂದಿತು. ಇದರಿಂದ ಲೆಕ್ಕ ಹಾಕಿದರೆ ಸವೆತವು ಮೊದಲ ಸಂಖ್ಯೆಯ ಆರೇಳರಷ್ಟಾಗುವುದು. ಯಾವುದು ಸರಿ? ಎರಡೂ ಸರಿಯೆಂದೇ ಹೇಳಬೇಕು. ಕೆಲವು ದಿನಗಳ ಟೆಫ್ಲಾನೂ ಐದು ವರ್ಷಗಳ ಬಿಸಿಲುಂಡ ಟೆಫ್ಲಾನೂ ಹೆಸರಿನಲ್ಲಿ ಒಂದೇ, ವಸ್ತುವಿನಲ್ಲಿ ಬೇರೆ. ಹೀಗಿರಲು ‘ಈ ವಸ್ತುವಿನ ಸವೆತ ಇಷ್ಟು’ ಎಂದು ಒಂದೇ ಸಂಖ್ಯೆಯನ್ನು ಬರೆಯುವ ಕೋಷ್ಠಕವು ಒಂದು ಶಬ್ದಕ್ಕೆ ಒಂದೇ ಅರ್ಥವನ್ನು ಕೊಟ್ಟು ಪ್ರಯೋಗವನ್ನು ಹೇಳದ ನಿಘಂಟಿನಂತೆ.

ಪರೀಕ್ಷಾಲಯದ ಪದ್ಧತಿಯಲ್ಲಿ ಈ ದೋಷವು ಇನ್ನೂ ಬಲವಾಗಿದೆ. ಅಲ್ಲಿ ವಿದ್ಯುತ್ತಿನಿಂದ ಅನಿಲವನ್ನು ಒಡೆದು ಆಮ್ಲಜನಕ ಪರಮಾಣುಗಳನ್ನು ಹುಟ್ಟಿಸುವ ಸಾಧನವು ಬಹು ಬಳಕೆಯಲ್ಲಿರುವುದು. ಈ ಪರಮಾಣುಗಳಿಗೆ ಆಕಾಶದಲ್ಲಿರುವ ರಭಸವಿಲ್ಲ. ಎಲ್ಲ ದಿಕ್ಕುಗಳಿಂದಲೂ ಬಂದು ತಾಗುವುವು. ಜೊತೆಯಲ್ಲಿ ಬೇರೆ ಕಣಗಳೂ ಕಿರಣಗಳೂ ಇರುವುವು. ಆದುದರಿಂದ ಎಷ್ಟು ಪರಮಾಣುಗಳು ಬಿದ್ದುವೆಂದು ನೇರವಾಗಿ ಎಣಿಸದೆ, ಪಕ್ಕದಲ್ಲಿ ಕ್ಯಾಪ್ಟಾನಿನ ತುಂಡೊಂದನ್ನಿಟ್ಟು, ಅದು ಎಷ್ಟು ಸವೆದರೆ ಆಕಾಶದ ಎಷ್ಟು ಪರಮಾಣುಗಳಿಗೆ ಸಮವೆಂದು ಲೆಕ್ಕ ಹಾಕುವರು. ಕ್ಯಾಪ್ಟಾನಿನ ಮಟ್ಟಿಗೆ ಈ ಲೆಕ್ಕವು ನಿರ್ದುಷ್ಟ. ಟೆಫ್ಲಾನಾದರೋ ಈ ಸಾಧನದಲ್ಲಿ ಕ್ಯಾಪ್ಟಾನಿನೊಡನೆ ಹೋಲಿಸಿದರೆ ಆಕಾಶದಲ್ಲಿಗಿಂತ ಎಷ್ಟೋ ಹೆಚ್ಚು ಸವೆಯುವುದು. ಒಂದು ಭಾಷೆಯ ಒಂದು ಶಬ್ದವನ್ನು ಸರಿಯಾಗಿ ಅನುವಾದಿಸಿದ ಮಾತ್ರಕ್ಕೆ ಆ ಭಾಷೆಯೆಲ್ಲವೂ ವಶವಾಯಿತೆಂದು ತಿಳಿಯುವಂತಿಲ್ಲ. ಈ ಸಾಧನವು ನಿಷ್ಪ್ರಯೋಜಕವೆಂದಲ್ಲ. ಒಂದೇ ಜಾತಿಯ ಎರಡು ಲೇಪಗಳಲ್ಲಿ ಯಾವುದು ಮೇಲೆಂದು ತಿಳಿಯಲೂ, ಲೇಪದಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ ಅದರ ಕೆಳಗೆ ಹೇಗೆ ಟೊಳ್ಳು ಬೀಳುವುದೆಂದು ನೋಡಲೂ ಅದು ಚೆನ್ನಾಗಿ ಒದಗುವುದು. ಆದರೆ ಅದರ ಮಾತನ್ನು ವರ್ಷಗಳ ಸಂಖ್ಯೆಗೆ ಪರಿವರ್ತಿಸಿ ‘ಈ ಪೊರೆಯು ಇಷ್ಟು ವರ್ಷ ಬಾಳುವುದು’ ಎಂದು ಬರೆದುಬಿಡುವುದು ಸಾಹಸ.

೨೦೦೧ರ ಆಗಸ್ಟ್ ೧೬ರಂದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಗೆ ಕಟ್ಟಿದ ‘ಮಿಸ್ಸೆ’ ಎಂಬ ಮಾದರಿಪೆಟ್ಟಿಗೆಗಳಲ್ಲಿ ಎಲ್‌ಡೆಫ್‌ನ ಪಾಠವನ್ನು ಕಲಿತವರ ಕೈಯು ಕಾಣುತ್ತದೆ. ಅವುಗಳಲ್ಲೊಂದರಲ್ಲಿ ೪೧ ಬಗೆಯ ಪಾಲಿಮರ್ ಪೊರೆಗಳನ್ನು ನಾಸಾದ ಗ್ಲೆನ್ ಕೇಂದ್ರದ ಕಿಮ್ ಡಿ ಗ್ರೋ, ಬ್ರೂಸ್ ಬ್ಯಾಂಕ್ಸ್ ಮೊದಲಾದವರು ಒಹಾಯೋ ಪ್ರಾಂತದ ಹ್ಯಾಥವೇ ಬ್ರೌನ್ ಎಂಬ ಬಾಲಿಕಾಶಾಲೆಯ ವಿದ್ಯಾರ್ಥಿನಿಯರೊಡನೆ ಕೂಡಿ ಸಿದ್ಧಪಡಿಸಿದರು. ಉಪಾಧ್ಯಾಯರು ಗಮನಿಸತಕ್ಕ ಸಂಗತಿಯಿದು: ಆ ಕ್ಷೇತ್ರದಲ್ಲಿ ಇಂದಿಗೂ ಆಧಾರವೆನಿಸಿರುವ ಅಂಕಿಗಳ ತೂಕದ ಕೆಲಸದಲ್ಲಿ ಶಾಲೆಯ ಹುಡುಗಿಯರ ಕೈಯಿದೆ. ತೂಗುವುದರಲ್ಲಿಯೇ ಒಂದು ಸೂಕ್ಷ್ಮವಿದ್ದಿತು. ಕ್ಯಾಪ್ಟಾನಿನಂತಹ ಪೊರೆಗಳು ಗಾಳಿಯ ತೇವವನ್ನು ಹೀರುವುವು. ಹೋಗುವಾಗಿನ ತೇವವೂ ಬಂದಾಗಿನ ತೇವವೂ ಒಂದೇ ಆಗಿರದಿದ್ದರೆ, ತೂಕದ ವ್ಯತ್ಯಾಸವನ್ನೆಲ್ಲ ಸವೆತವೆಂದು ಎಣಿಸುವ ತಪ್ಪು ನಡೆಯುವುದು. ಆದುದರಿಂದ ಎರಡು ಸಲವೂ ನಿರ್ವಾತದಲ್ಲಿ ಒಣಗಿಸಿಯೇ ತೂಗಿದರು. ತೆಳುಪೊರೆಯು ಪೂರ್ತಿಯಾಗಿ ಸವೆದುಹೋದರೆ ಅಳೆಯಲು ಏನೂ ಉಳಿಯದೆಂಬುದನ್ನು ಎಲ್‌ಡೆಫ್‌ನ ಬರಿಯ ಚೌಕಟ್ಟುಗಳಿಂದ ಕಲಿತು, ಒಂದರಮೇಲೊಂದು ಪೊರೆಗಳನ್ನು ಅಡಕಿದರು. ಈ ಕೊನೆಯ ಎಚ್ಚರಿಕೆಯು ಅನಿರೀಕ್ಷಿತವಾಗಿ ಉಪಕಾರವಾಯಿತು. ಸುಮಾರು ಒಂದು ವರ್ಷವಿರಬೇಕಾಗಿದ್ದ ಪೆಟ್ಟಿಗೆಗಳು ಹೊರಗೆಯೇ ಉಳಿದುವು. ೨೦೦೩ರ ಫೆಬ್ರವರಿ ೧ರಂದು ಕೊಲಂಬಿಯ ನೌಕೆಯು ಮರಳುವಾಗ ಒಡೆದು, ಏಳು ಮಂದಿ ಯಾತ್ರಿಕರು ತೀರಿಹೋದರು. ೨೦೦೫ರ ಜುಲೈ ೩೦ರಂದು ಪೆಟ್ಟಿಗೆಗಳನ್ನು ತೆಗೆಯುವ ವೇಳೆಗೆ ಹತ್ತಿರ ಹತ್ತಿರ ನಾಲ್ಕು ವರ್ಷಗಳಾಗಿದ್ದುವು.

ಎಲ್‌ಡೆಫ್‌ಗೆ ದೀರ್ಘಾಯುಸ್ಸನ್ನು ಕೊಟ್ಟುದು ಚ್ಯಾಲೆಂಜರಿನ ನಾಶ; ಮಿಸ್ಸೆಗೆ ದೀರ್ಘಾಯುಸ್ಸನ್ನು ಕೊಟ್ಟುದು ಕೊಲಂಬಿಯದ ನಾಶ. ಎಲ್‌ಡೆಫ್ ಅನ್ನು ಉಳಿಸಿ ತಂದುದು ಇದೇ ಕೊಲಂಬಿಯ. ಹೊರಪದರಗಳ ದೀರ್ಘಕಾಲದ ವರ್ತನೆಯನ್ನು ಕುರಿತು ಇಂದು ತಿಳಿದಿರುವುದರಲ್ಲಿ ದೊಡ್ಡದೊಂದು ಪಾಲು ಯಾರೂ ಯೋಜಿಸದ, ಯಾರೂ ಬಯಸದ ಎರಡು ವಿಳಂಬಗಳಿಂದ ಬಂದುದು. ಇದನ್ನು ಪ್ರಬಂಧಗಳ ಪೀಠಿಕೆಯಲ್ಲಿ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗುವುದು ವಾಡಿಕೆ. ಹದಿನಾಲ್ಕು ಮಂದಿಯ ಮರಣವು ಕೋಷ್ಠಕದ ತಲೆಬರೆಹದಲ್ಲಿ ‘ಒಡ್ಡಿಕೆಯ ಕಾಲ: ೩.೯೫ ವರ್ಷ’ ಎಂಬಂತಹ ಸಂಖ್ಯೆಯಾಗಿ ನಿಂತಿರುವುದನ್ನು ಓದುವವನು ಅರಿತಿರಬೇಕಾದುದು ಧರ್ಮ.

ಮಿಸ್ಸೆಯಲ್ಲಿ ಟೆಫ್ಲಾನಿನ ಸವೆತವು ೦.೨೦ × ೧೦⁻²⁴ ಎಂದು ಬಂದಿತು; ಎಲ್‌ಡೆಫ್‌ಗಿಂತ ಕಡಿಮೆ, ಹಳೆಯ ಯಾನಗಳಿಗಿಂತ ಹೆಚ್ಚು. ಆದರೆ ಟೆಫ್ಲಾನಿನ ನಿಜವಾದ ಅಪಾಯವು ಸವೆತವಲ್ಲವೆಂಬುದು ಅಷ್ಟರಲ್ಲಿಯೇ ಬೇರೊಂದು ಕಡೆಯಿಂದ ತಿಳಿದಿತ್ತು. ೧೯೯೦ರಲ್ಲಿ ಮೇಲೇರಿದ ಹಬಲ್ ದೂರದರ್ಶಕದ ಹೊದಿಕೆಯ ಹೊರಪದರವೂ ಅದೇ ಟೆಫ್ಲಾನು. ೧೯೯೭ರ ಫೆಬ್ರವರಿಯಲ್ಲಿ ಎರಡನೆಯ ಸಲ ದುರಸ್ತಿಗೆ ಹೋದವರು ಅದು ಗಾಜಿನಂತೆ ಸೀಳಿ ಬಾಯ್ಬಿಟ್ಟಿರುವುದನ್ನು ಕಂಡರು. ಎಲ್‌ಡೆಫ್‌ನ ಸಾಕ್ಷ್ಯವನ್ನು ಮಾತ್ರ ನಂಬಿದವನಿಗೆ ಇದು ಆಶ್ಚರ್ಯ. ಅಲ್ಲಿಯ ಟೆಫ್ಲಾನು ತೆಳುವಾದರೂ ಹೀಗೆ ಸೀಳದೆ ಹೊದಿಕೆಯ ಕೆಲಸವನ್ನು ಮಾಡಿಕೊಂಡೇ ಬಂದಿತ್ತು. ಪರಿಶೀಲಿಸಿದ ಮಂಡಲಿಯವರು, ವಿದ್ಯುತ್ಕಣಗಳ ವಿಕಿರಣವು ಪೊರೆಯನ್ನು ಪೆಡಸುಮಾಡಿ, ಸಾವಿರಾರು ಸಲ ಕಾಯುವುದು ತಣಿಯುವುದು ಅದನ್ನು ಸೀಳಿತೆಂದು ತೀರ್ಮಾನಿಸಿದರು. ಮರಳಿ ತಂದ ಒಂದು ತುಂಡು ಸುರುಳಿ ಸುತ್ತಿಕೊಂಡಿತ್ತು. ಸುತ್ತಿದುದರಿಂದ ಅದರ ಲೋಹದ ಬೆನ್ನು ಬಿಸಿಲಿಗೆ ತಿರುಗಿ, ಬೇರೆ ಭಾಗಗಳಿಗಿಂತ ಬಹಳ ಹೆಚ್ಚಾಗಿ ಕಾಯ್ದು, ಬಹಳ ಹೆಚ್ಚಾಗಿ ಪೆಡಸಾಗಿತ್ತು. ಪರೀಕ್ಷಕರಿಗೆ ಸುಲಭವಾಗಿ ದೊರೆತ ತುಂಡು ಹೊದಿಕೆಯ ಸಾಮಾನ್ಯಸ್ಥಿತಿಯನ್ನು ತೋರುವುದಾಗಿರಲಿಲ್ಲ. ಇದನ್ನು ಅರಿತು ಬೇರ್ಪಡಿಸಿದುದೇ ಆ ಮಂಡಲಿಯವರ ವಿಮರ್ಶನಶಕ್ತಿಗೆ ಸಾಕಾದ ನಿದರ್ಶನ. ಇಷ್ಟಾಗಿಯೂ ಹಬಲಿನ ಸೀಳನ್ನು ಭೂಮಿಯ ಮೇಲೆ ಅದೇ ರೂಪದಲ್ಲಿ ತಂದು ತೋರಿಸುವುದು ಕಷ್ಟವಾಯಿತು. ಆಕಾಶದಲ್ಲಿ ಏಳು ವರ್ಷಗಳಲ್ಲಿ ಮೆಲ್ಲಗೆ ಬಿದ್ದ ಪೆಟ್ಟನ್ನು ಕೋಷ್ಠದಲ್ಲಿ ಕೆಲವೇ ದಿನಗಳಲ್ಲಿ ಹಾಕಬೇಕಾಗುವುದು. ಹೊಡೆತದ ಮೊತ್ತವು ಒಂದೇ ಆದರೂ ಫಲವು ಒಂದೇ ಆಗಬೇಕೆಂಬ ನಿಯಮವಿಲ್ಲ.

ಷಟಲ್ ನೌಕೆಗಳು ೨೦೧೧ರಲ್ಲಿ ನಿಂತುವು. ಎಲ್‌ಡೆಫ್‌ನಷ್ಟು ದೊಡ್ಡ ಚೌಕಟ್ಟನ್ನು ಹಾಗೆಯೇ ಹಿಡಿದು ತರುವ ಸಾಧನವು ಅಂದಿನಿಂದ ಇಲ್ಲ. ನಿಲ್ದಾಣದ ಹೊರಗೆ ೨೦೧೮ರಲ್ಲಿ ಹೊಸ ಮಿಸ್ಸೆಯ ಏರ್ಪಾಡು ಸ್ಥಾಪಿತವಾಗಿ, ಸಣ್ಣ ಮಾದರಿಗಳು ಹೋಗಿ ಬರುತ್ತಲಿವೆ. ಅವು ನಿಲ್ದಾಣದ ಎತ್ತರದ ಮಾತನ್ನು ಮಾತ್ರ ಹೇಳಬಲ್ಲವು. ಭೂಮಿಯಿಂದ ಸುಮಾರು ೩೬,೦೦೦ ಕಿಲೋಮೀಟರ್ ದೂರದಲ್ಲಿ ನಿಂತಂತೆ ತೋರುವ ಉಪಗ್ರಹಗಳ ಪರಿಸರವೇ ಬೇರೆ. ಅಲ್ಲಿ ಆಮ್ಲಜನಕದ ಕಾಟವಿಲ್ಲ, ವಿದ್ಯುತ್ಕಣಗಳ ಕಾಟವು ಹೆಚ್ಚು. ಎದುರುಮುಖದ ಬಣ್ಣವನ್ನು ಉಜ್ಜಿ ಬೆಳ್ಳಗಿಡುವ ಶಕ್ತಿಯೂ ಅಲ್ಲಿಲ್ಲ. ಹಾಸನದ ಮುಖ್ಯ ನಿಯಂತ್ರಣ ಕೇಂದ್ರವು ನೋಡಿಕೊಳ್ಳುತ್ತಿರುವ ಭಾರತದ ಭೂಸ್ಥಿರ ಉಪಗ್ರಹಗಳು ಈ ವರ್ಗಕ್ಕೆ ಸೇರಿದುವು. ಇವುಗಳ ಹೊರಮೈಯ ಒಂದು ತುಂಡೂ ಪರೀಕ್ಷಕನ ಕೈಗೆ ಮರಳಿ ಬರುವುದಿಲ್ಲ. ಮೈಯೊಳಗೆ ಅಲ್ಲಲ್ಲಿ ಇರಿಸಿರುವ ಉಷ್ಣಮಾಪಕಗಳು ಕಳುಹಿಸುವ ಅಂಕಿಗಳು ವರ್ಷವರ್ಷಕ್ಕೆ ಮೇಲೇರುವುದನ್ನು ಕಂಡು, ಹೊರಪದರವು ಇಷ್ಟು ಕಂದಿರಬೇಕೆಂದು ಊಹಿಸುವರು. ಕಂದಿದುದು ಬಣ್ಣವೋ, ಬಣ್ಣದ ಮೇಲೆ ಉಪಗ್ರಹದ ಸ್ವಂತ ಆವಿಯು ಕುಳಿತು ಮಾಡಿದ ಕಲೆಯೋ ಎಂಬುದನ್ನು ಉಷ್ಣಮಾಪಕವು ಹೇಳಲಾರದು.